ಕೀಲಿಮಣೆಯ ಕಾಲುದಾರಿ

ಮೊನ್ನೆ ಶನಿವಾರ ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ನಾನೊಂದು ಎಡವಟ್ಟು ಮಾಡಿದೆ. ಪರದೆಯ ತುಂಬ ಐಕಾನುಗಳು ನಮ್ಮ ಮನೆಯ ಅಟ್ಟದ ಸಾಮಾನಿನಂತೆ ಚೆಲ್ಲಾಡಿದ್ದವು. ಕಣ್ಣಿಗೆ ಹಿಡಿಸದೆ ಹತ್ತು ಹದಿನೈದನ್ನು ಗುಡಿಸಿ ಕಸದ ಬುಟ್ಟಿಗೆ ಹಾಕಿದೆ. ಇದರಿಂದ ಪ್ರೋಗ್ರಾಂ ಅಳಿಯುವುದಿಲ್ಲ, ಅದರ ಬಳಿಗೆ ಹೋಗುವ ಕಾಲುದಾರಿ ಮಾತ್ರ ಅಳಿಯುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದೆಯೆಂಬ ಜಂಬವೂ ಇತ್ತೆನ್ನಿ.

ಸೋಮವಾರ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಬಂದು ಕುಳಿತ. ಅವನಿಗೆ ಕಣ್ಣು ಕಾಣಿಸದು. ಕಂಟ್ರೋಲ್, ಆಲ್ಟ್ ಕೀಲಿಗಳನ್ನು ಎಡಗೈಯಲ್ಲಿ ಅದುಮಿ ಹಿಡಿದು ಬಲಗೈಯಿಂದ ‘ಎನ್’ ಒತ್ತಿದ. ಕಾದ. ಮತ್ತೆ ಒತ್ತಿದ. ಆಮೇಲೆ ಮೆಲ್ಲಗೆ, “ಸಾರ್, ಇವತ್ತು ಇದು ಮಾತಾಡ್ತಾನೇ ಇಲ್ಲ” ಎಂದ.

ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶವಿದೆ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಇದನ್ನು ಬರೆಯತೊಡಗಿದರು, ಅವರಿಗೂ ದೃಷ್ಟಿಯಿಲ್ಲ. ಇದಕ್ಕೆ ದುಡ್ಡು ಕೊಡಬೇಕಿಲ್ಲ. ಕನ್ನಡವನ್ನೂ ಓದುತ್ತದೆ, ಉಚ್ಚಾರ ಮಾತ್ರ ಕೊಂಚ ಯಂತ್ರದ್ದೇ. ಇದನ್ನು ಕಂಪ್ಯೂಟರಿಗೆ ಹಾಕುವಾಗ ಪರದೆಯ ಮೇಲೊಂದು ಐಕಾನು ಬರುತ್ತದೆ. ಕಂಟ್ರೋಲ್-ಆಲ್ಟ್-ಎನ್ ಎಂಬ ಕೀಲಿಜೋಡಿಯನ್ನು ಕಟ್ಟಿರುವುದು ಆ ಐಕಾನಿಗೆ. ನಾನು ಗುಡಿಸಿದ್ದು ಅದನ್ನೇ.

ವಿಂಡೋಸ್‌ನಲ್ಲಿ ಈ ಕೀಲಿಗಳ ಗಂಟು ಪ್ರೋಗ್ರಾಮಿಗಲ್ಲ, ಶಾರ್ಟ್‌ಕಟ್ಟಿಗೆ. ಆ ಶಾರ್ಟ್‌ಕಟ್ ಡೆಸ್ಕ್‌ಟಾಪಿನಲ್ಲೋ ಸ್ಟಾರ್ಟ್ ಮೆನುವಿನಲ್ಲೋ ಇದ್ದರೆ ಮಾತ್ರ ಕೀಲಿ ಕೇಳುತ್ತದೆ. ಬೇರೆ ಫೋಲ್ಡರಿಗೆ ಸಾಗಿಸಿದರೂ ಕೆಲಸ ನಿಂತಿತು.

ನಿಮಗೆ ಬೇಕಾದ ಪ್ರೋಗ್ರಾಮಿಗೂ ಹೀಗೆ ಕೀಲಿ ಕಟ್ಟಬಹುದು. ಡೆಸ್ಕ್‌ಟಾಪಿನ ಶಾರ್ಟ್‌ಕಟ್ಟನ್ನು ಆರಿಸಿ ಆಲ್ಟ್ ಹಿಡಿದು ಎಂಟರ್ ಒತ್ತಿ, ಅಥವಾ ಮೌಸಿನ ಬಲಗುಂಡಿಯೊತ್ತಿ ‘ಪ್ರಾಪರ್ಟೀಸ್’ ತೆರೆಯಿರಿ. ‘ಶಾರ್ಟ್‌ಕಟ್ ಕೀ’ ಎಂಬ ಖಾನೆಗೆ ಹೋಗಿ ಒಂದೇ ಒಂದು ಅಕ್ಷರ ಒತ್ತಿ. ಕಂಟ್ರೋಲ್, ಆಲ್ಟ್ ಎರಡೂ ತಾವಾಗಿಯೇ ಸೇರಿಕೊಳ್ಳುತ್ತವೆ. ಓಕೆ ಎಂದರೆ ಮುಗಿಯಿತು.

ಯಾವ ಕೀಲಿಯೆಂದು ಮಾತ್ರ ಯೋಚಿಸಿ ಆರಿಸಿ. ಇಂಗ್ಲಿಷ್ (ಇಂಡಿಯಾ) ಕೀಲಿಮಣೆಯಲ್ಲಿ ಬಲಗಡೆಯ ಆಲ್ಟ್ ಹಿಡಿದು 4 ಒತ್ತಿದರೆ 2010ರಲ್ಲಿ ಬಂದ ನಮ್ಮ ರೂಪಾಯಿಯ ಚಿಹ್ನೆ ಮೂಡುತ್ತದೆ. ಇಂಥ ಕೀಲಿಮಣೆಗಳಲ್ಲಿ ವಿಂಡೋಸ್ ಬಲಗಡೆಯ ಆಲ್ಟನ್ನು ಕಂಟ್ರೋಲ್-ಆಲ್ಟ್ ಎಂದೇ ಎಣಿಸುತ್ತದೆ. ಹಾಗಾಗಿ ಲೆಕ್ಕದ ಪ್ರೋಗ್ರಾಮಿಗೆ 4 ಕಟ್ಟಿದಿರೋ, ರೂಪಾಯಿ ಬರೆಯಹೋದಾಗ ಲೆಕ್ಕದ ಪುಸ್ತಕ ಬಿಚ್ಚಿಕೊಳ್ಳುತ್ತದೆ! ಅಂಗಡಿಯಿಟ್ಟಿರುವ ನನ್ನ ಷಡ್ಡಕರು ಇದನ್ನು ವೈರಸ್ ಎಂದೇ ನಂಬಿ ವಾರ ಕಳೆದರು.

ಇಷ್ಟೂ ಬೇಡವೆನ್ನುವವರಿಗೆ, ಕೆಳಗಿನ ಪಟ್ಟಿಗೆ ಅಂಟಿಸಿದ ಮೊದಲ ಪ್ರೋಗ್ರಾಂ ವಿಂಡೋಸ್ ಕೀಲಿಯೊಡನೆ 1 ಒತ್ತಿದರೆ ತೆರೆಯುತ್ತದೆ, ಎರಡನೆಯದು 2ಕ್ಕೆ. ಆದರೆ ಪಟ್ಟಿಯ ಸಾಲನ್ನು ಯಾರಾದರೂ ಹಿಂದುಮುಂದು ಮಾಡಿದರೆ ಅಂಕಿಗಳೂ ಹಿಂದುಮುಂದು. ಹತ್ತಾರು ಮಕ್ಕಳು ಕೈಯಾಡಿಸುವ ಯಂತ್ರದಲ್ಲಿ ಇದನ್ನು ನಂಬುವುದು ಕಷ್ಟ.

ಮೌಸಿನ ಬಾಣ ಎಲ್ಲಿದೆಯೆಂದು ಆ ಹುಡುಗನಿಗೆ ಕಾಣುವುದಿಲ್ಲ. ‘ಎಫ್’ ಮತ್ತು ‘ಜೆ’ ಕೀಲಿಗಳ ಮೇಲಿನ ಸಣ್ಣ ಉಬ್ಬುಗೆರೆಗಳಿವೆಯಲ್ಲ, ನಾವು ಗಮನಿಸದೇ ಬಿಡುವಂಥವು, ಅವನು ಅಲ್ಲಿಂದ ಬೆರಳೆಣಿಸಿ ಹೊರಡುತ್ತಾನೆ. ನಾನು ಹತ್ತು ಸೆಕೆಂಡು ಉಳಿಸಲೆಂದು ಕಲಿತ ಕಾಲುದಾರಿ ಅವನಿಗೆ ಹೆಬ್ಬಾಗಿಲು.

ಬುಟ್ಟಿಯಿಂದ ಐಕಾನನ್ನು ಹಿಂದಕ್ಕೆ ತಂದು, ಖಾನೆಯಲ್ಲಿ ‘ಎನ್’ ಇದೆಯೇ ಎಂದು ನೋಡಿ, “ಈಗ ಒತ್ತಪ್ಪಾ” ಎಂದೆ. ಒತ್ತಿದ. ಯಂತ್ರ ಮಾತಾಡಿತು.

“ಯಾರು ಸಾರ್ ತೆಗೆದದ್ದು?” ಎಂದು ಕೇಳಿದ. ಹೇಳಿದೆ. ನಕ್ಕುಬಿಟ್ಟ. “ಹಾಗಾದ್ರೆ ನಂಗೆ ಇನ್ನೂ ಎರಡು ಕೀಲಿ ಹಾಕ್ಕೊಡಿ ಸಾರ್, ವರ್ಡಿಗೊಂದು, ಲೆಕ್ಕಕ್ಕೊಂದು” ಎಂದ. ಹಾಕಿಕೊಟ್ಟೆ. ಪರದೆಯ ಅಂಚಿಗೆ ‘ಐಕಾನು ತೆಗೆಯಬೇಡಿ’ ಎಂಬ ಚೀಟಿಯನ್ನೂ ಅಂಟಿಸಿದ್ದೇನೆ.