ನೋಟು ಮುರಿಸಿದರೆ ಹಣ ಹೆಚ್ಚೀತೆ?

ಪೇಟೆಯಲ್ಲಿ ನೂರು ರೂಪಾಯಿಯ ನೋಟನ್ನು ಮುರಿಸಿ ಹತ್ತರ ಹತ್ತು ನೋಟುಗಳನ್ನು ಕೈಗೆ ತೆಗೆದುಕೊಂಡವನು ತಾನು ಮೊದಲಿಗಿಂತ ಸಿರಿವಂತನಾದೆನೆಂದು ಹಿಗ್ಗುವುದಿಲ್ಲ. ಜೇಬು ತುಸು ದಪ್ಪವಾಗಿರುತ್ತದೆ, ಅಷ್ಟೆ. ಆದರೆ ಅದೇ ಗೃಹಸ್ಥನಿಗೆ, ಅವನು ಹತ್ತು ವರ್ಷದಿಂದ ಜೋಪಾನವಾಗಿಟ್ಟುಕೊಂಡಿರುವ ಕಂಪೆನಿಯ ಒಂದೊಂದು ಷೇರೂ ಇನ್ನು ಮುಂದೆ ಹತ್ತು ಷೇರಾಗುವುದೆಂಬ ಸುದ್ದಿ ಬಂದರೆ, ಅಂದು ಮನೆಯಲ್ಲಿ ಪಾಯಸವಾದರೂ ಆಗಬಹುದು. ನೋಟಿನ ವಿಷಯದಲ್ಲಿರುವ ವಿವೇಕ ಷೇರಿನ ವಿಷಯದಲ್ಲಿ ಎಲ್ಲಿ ಹೋಗುವುದೋ ತಿಳಿಯದು.

ಕಂಪೆನಿಗಳ ಭಾಷೆಯಲ್ಲಿ ಇದಕ್ಕೆ ಷೇರು ವಿಭಜನೆಯೆಂದು ಹೆಸರು. ಹತ್ತು ರೂಪಾಯಿ ಮುಖಬೆಲೆಯಿದ್ದ ಷೇರು ಐದು ರೂಪಾಯಿಯದಾಗಬಹುದು, ಎರಡರದಾಗಬಹುದು, ಒಂದರದಾಗಬಹುದು; ಅದಕ್ಕೂ ಕೆಳಗೆ ಇಳಿಯುವಂತಿಲ್ಲ. ಮುಖಬೆಲೆ ಎಷ್ಟು ಪಾಲು ಕುಗ್ಗಿತೋ ಷೇರುಗಳ ಸಂಖ್ಯೆ ಅಷ್ಟು ಪಾಲು ಹಿಗ್ಗುತ್ತದೆ. ಕಂಪೆನಿಯ ಬಂಡವಾಳಕ್ಕೆ ಒಂದು ಕಾಸೂ ಸೇರುವುದಿಲ್ಲ, ಅದರಿಂದ ಒಂದು ಕಾಸೂ ಹೋಗುವುದಿಲ್ಲ. ಪೇಟೆಯ ಧಾರಣೆಯೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. 1999ಕ್ಕೆ ಮುಂಚೆ ಷೇರೆಂದರೆ ಸಾಮಾನ್ಯವಾಗಿ ಹತ್ತು ರೂಪಾಯಿಯದು ಇಲ್ಲವೆ ನೂರು ರೂಪಾಯಿಯದು. ಆ ವರ್ಷ ಸೆಬಿ ಈ ಕಟ್ಟನ್ನು ಸಡಿಲಿಸಿತು. ಆಗಲೇ ವಿಪ್ರೊ ತನ್ನ ಹತ್ತು ರೂಪಾಯಿಯ ಷೇರನ್ನು ಎರಡು ರೂಪಾಯಿಯದನ್ನಾಗಿ ಮಾಡಿತು. ಇನ್ಫೊಸಿಸ್ ಮರುವರ್ಷ ಹತ್ತನ್ನು ಐದಕ್ಕಿಳಿಸಿತು.

ತೀರ ಹತ್ತಿರದ ನಿದರ್ಶನ ಬೇಕೆಂದರೆ ಕೆನರಾ ಬ್ಯಾಂಕಿನದು ಉಂಟು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ನೆಟ್ಟ ಈ ಸಂಸ್ಥೆ 2024ರ ಮೇ ತಿಂಗಳಲ್ಲಿ ತನ್ನ ಹತ್ತು ರೂಪಾಯಿಯ ಷೇರೊಂದನ್ನು ಎರಡು ರೂಪಾಯಿಯ ಐದು ಷೇರುಗಳನ್ನಾಗಿ ಒಡೆಯಿತು. ಐನೂರು ರೂಪಾಯಿಗೆ ಮೇಲ್ಪಟ್ಟಿದ್ದ ಧಾರಣೆ ನೂರ ಚಿಲ್ಲರೆಗೆ ಬಂದು ನಿಂತಿತು. ನೂರು ಷೇರಿನವರಿಗೆ ಐನೂರು ಷೇರಾಯಿತು. ಬ್ಯಾಂಕು ಕೊಟ್ಟ ಸಾಲ, ಪಡೆದ ಠೇವಣಿ, ಗಳಿಸಿದ ಲಾಭ ಯಾವುದೂ ಆ ಬೆಳಗ್ಗೆ ಬದಲಾಗಿರಲಿಲ್ಲ.

ಹೀಗಿದ್ದರೂ ವಿಭಜನೆಯೆಂದೊಡನೆ ಜನರ ಮನಸ್ಸು ಅರಳುವುದಕ್ಕೆ ಕಾರಣವಿಲ್ಲದಿಲ್ಲ. ಬೆಂಗಳೂರಿನ ಮಧ್ಯಮವರ್ಗದ ಮನೆಗಳಲ್ಲಿ ಇನ್ಫೊಸಿಸ್ಸಿನ ಕಥೆ ಪುರಾಣದಂತೆ ಪ್ರಚಾರದಲ್ಲಿದೆ. 1993ರಲ್ಲಿ ಆ ಕಂಪೆನಿ ತೊಂಬತ್ತೈದು ರೂಪಾಯಿಗೊಂದರಂತೆ ಷೇರುಗಳನ್ನು ಜನರ ಮುಂದಿಟ್ಟಾಗ ಕೊಳ್ಳುವವರು ಸಾಕಷ್ಟು ಮಂದಿ ಬರಲಿಲ್ಲ. ಅಂದು ಒಂಬತ್ತು ಸಾವಿರದ ಐನೂರು ರೂಪಾಯಿ ಕೊಟ್ಟು ನೂರು ಷೇರು ಕೊಂಡು, ಒಂದನ್ನೂ ಮಾರದೆ ಕುಳಿತವರ ಬಳಿ 2018ರ ಹೊತ್ತಿಗೆ ಒಂದು ಲಕ್ಷದ ಎರಡು ಸಾವಿರದ ನಾನೂರು ಷೇರುಗಳಿದ್ದವು. ಒಂದು ಷೇರಿಗೆ 1,024! ಈ ಸಂಖ್ಯೆಯನ್ನು ಕೇಳಿದವರೆಲ್ಲ ಷೇರು ಹೆಚ್ಚಿದ್ದರಿಂದಲೇ ಐಶ್ವರ್ಯ ಬಂತೆಂದು ತಿಳಿದರು. ಲೆಕ್ಕವನ್ನು ಬಿಡಿಸಿ ನೋಡಿದರೆ ಬೇರೆಯೇ ಕಾಣುತ್ತದೆ. 1994, 1997, 1999, 2004, 2006, 2014, 2015, 2018 ಈ ಎಂಟು ಸಲವೂ ಬಂದದ್ದು ಬೋನಸ್ ಷೇರು. ವಿಭಜನೆ ನಡೆದದ್ದು 2000ದಲ್ಲಿ ಒಂದೇ ಸಲ. 2018ರ ಬೋನಸ್ಸಿನ ತರುವಾಯ ಧಾರಣೆ ಏಳುನೂರು ರೂಪಾಯಿ ದಾಟಿದ್ದಿತು; ಆ ಲೆಕ್ಕದಲ್ಲಿ ನೂರು ಷೇರು ಕೊಂಡವರ ಆಸ್ತಿ ಏಳು ಕೋಟಿಗೂ ಮೀರಿತ್ತು. ಬೋನಸ್ಸೂ ಇಲ್ಲದೆ ವಿಭಜನೆಯೂ ಇಲ್ಲದೆ ಷೇರು ನೂರಾಗಿಯೇ ಉಳಿದಿದ್ದರೆ? ಒಂದೊಂದರ ಬೆಲೆ ಏಳು ಲಕ್ಷಕ್ಕೆ ಮಿಕ್ಕಿರುತ್ತಿತ್ತು, ಒಟ್ಟು ಅದೇ ಏಳು ಕೋಟಿ. ಹಣವನ್ನು ಬೆಳೆಸಿದ್ದು ಇಪ್ಪತ್ತೈದು ವರ್ಷದ ವ್ಯಾಪಾರ, ಮತ್ತು ಮಾರದೆ ಕುಳಿತವರ ತಾಳ್ಮೆ.

ಬೋನಸ್ಸೂ ವಿಭಜನೆಯೂ ಒಂದೇ ಅಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬಹುದು. ಬೋನಸ್ಸಿನಲ್ಲಿ ಕಂಪೆನಿ ತನ್ನ ಕೂಡಿಟ್ಟ ನಿಧಿಯಿಂದ ಒಂದಂಶವನ್ನು ಬಂಡವಾಳದ ಖಾತೆಗೆ ವರ್ಗಾಯಿಸುತ್ತದೆ, ಮುಖಬೆಲೆ ಹಾಗೆಯೇ ಉಳಿಯುತ್ತದೆ. ನಿಧಿಯಿಲ್ಲದ ಕಂಪೆನಿ ಬೋನಸ್ ಕೊಡಲಾರದು. ವಿಭಜನೆಗೆ ನಿಧಿಯ ಹಂಗಿಲ್ಲ. ಪಾಲುದಾರರ ಸಭೆಯ ಒಪ್ಪಿಗೆ ದೊರೆತರೆ ನಷ್ಟದಲ್ಲಿರುವ ಕಂಪೆನಿಯೂ ತನ್ನ ಷೇರನ್ನು ಒಡೆಯಬಹುದು. ವಿಭಜನೆಯಾದದ್ದರಿಂದಲೇ ಕಂಪೆನಿ ಸಮೃದ್ಧವಾಗಿದೆಯೆಂದು ಊಹಿಸುವುದು ಆದ್ದರಿಂದ ತಪ್ಪು.

ಹಾಗಾದರೆ ಸಣ್ಣ ಹೂಡಿಕೆದಾರನಿಗೆ ಇದರಿಂದ ಏನೂ ಉಪಯೋಗವಿಲ್ಲವೇ? ಉಂಟು. ಹತ್ತರ ನೋಟಿನಿಂದ ಇರುವ ಉಪಯೋಗವೇ ಅದು. ಮದರಾಸಿನಲ್ಲಿ 1946ರಲ್ಲಿ ಮಕ್ಕಳಾಟದ ಬೆಲೂನು ತಯಾರಿಸುವ ಕೊಟ್ಟಿಗೆಯಾಗಿ ಆರಂಭವಾಗಿ, ಮುಂದೆ ಟೈರಿನ ಕಂಪೆನಿಯಾಗಿ ಬೆಳೆದ ಎಂ.ಆರ್.ಎಫ್.ನ ಷೇರು 2023ರ ಜೂನ್ 13ರಂದು ಒಂದು ಲಕ್ಷ ರೂಪಾಯಿಯನ್ನು ದಾಟಿತು. ಅದರ ಮುಖಬೆಲೆ ಆಗಲೂ ಹತ್ತೇ ರೂಪಾಯಿ. ಮಾರುಕಟ್ಟೆಯಲ್ಲಿ ಅರ್ಧ ಷೇರು, ಕಾಲು ಷೇರು ಸಿಕ್ಕುವುದಿಲ್ಲವಾದ್ದರಿಂದ ತಿಂಗಳಿಗೆ ಎರಡು ಸಾವಿರ ಉಳಿಸುವ ಗುಮಾಸ್ತನು ಅಂಥ ಷೇರಿಗೆ ನಾಲ್ಕು ವರ್ಷ ಕಾಯಬೇಕು. ನೆಸ್ಲೆ ಇಂಡಿಯಾ ಕಂಪೆನಿಯ ಷೇರು ಇಪ್ಪತ್ತು ಸಾವಿರಕ್ಕೂ ಬಹಳ ಮೇಲಿದ್ದಾಗ, 2024ರ ಜನವರಿಯಲ್ಲಿ, ಒಂದನ್ನು ಹತ್ತಾಗಿ ಒಡೆದರು. ಅಲ್ಲಿಂದ ಮುಂದೆ ಅದೇ ಗುಮಾಸ್ತನು ಒಂದೊಂದಾಗಿ ಕೊಳ್ಳುವುದು ಸಾಧ್ಯವಾಯಿತು.

ಕೊಳ್ಳುವಾಗಿನ ಅನುಕೂಲವನ್ನು ಎಲ್ಲರೂ ಹೇಳುತ್ತಾರೆ. ಮಾರುವಾಗಿನ ಅನುಕೂಲ ಅದಕ್ಕಿಂತ ದೊಡ್ಡದು. ದುಬಾರಿಯ ಷೇರು ಒಂದೇ ಒಂದು ಇದ್ದವರು ಮಗಳ ಕಾಲೇಜಿನ ಶುಲ್ಕಕ್ಕೆ ಹದಿನೈದು ಸಾವಿರ ಬೇಕಾದಾಗ ಅದರ ಮೂಲೆಯನ್ನು ಮುರಿದು ಮಾರಲಾರರು. ಇಟ್ಟರೆ ಪೂರ್ತಿ ಇಡಬೇಕು, ಮಾರಿದರೆ ಪೂರ್ತಿ ಮಾರಬೇಕು. ಒಡೆದ ಷೇರಾದರೆ ಬೇಕಾದಷ್ಟನ್ನು ಮಾರಿ ಮಿಕ್ಕದ್ದನ್ನು ಉಳಿಸಿಕೊಳ್ಳಬಹುದು. ಕಾಗದದ ಷೇರುಗಳ ಕಾಲದಲ್ಲಿ ಐವತ್ತು ಅಥವಾ ನೂರರ ಕಟ್ಟಿಗೆ ಮಾತ್ರ ಸರಿಯಾದ ಧಾರಣೆ ಸಿಕ್ಕುತ್ತಿತ್ತು, ಬಿಡಿ ಷೇರುಗಳನ್ನು ದಲ್ಲಾಳಿಗಳು ಕಡಮೆ ಬೆಲೆಗೆ ಕೇಳುತ್ತಿದ್ದರು. ಡಿಮ್ಯಾಟ್ ಪದ್ಧತಿ ಬಂದ ಮೇಲೆ ಒಂದು ಷೇರನ್ನೂ ಅದೇ ಧಾರಣೆಗೆ ಮಾರಬಹುದಾಗಿರುವುದರಿಂದ ವಿಭಜನೆಯ ಈ ಗುಣ ಈಗ ಪೂರ್ತಿಯಾಗಿ ಕೈಗೆ ಬರುತ್ತದೆ.

ಇಷ್ಟು ಅನುಕೂಲದ ಮಾತಾಯಿತು. ಬೆಲೆಯ ಮಾತೇ ಬೇರೆ. ಫಾಮಾ, ಫಿಷರ್, ಜೆನ್ಸನ್, ರೋಲ್ ಎಂಬ ನಾಲ್ವರು ವಿದ್ವಾಂಸರು ನ್ಯೂಯಾರ್ಕ್ ಷೇರುಪೇಟೆಯಲ್ಲಿ 1927ರಿಂದ 1959ರವರೆಗೆ ನಡೆದ 940 ವಿಭಜನೆಗಳನ್ನು ಪರಿಶೀಲಿಸಿ 1969ರಲ್ಲಿ ಪ್ರಕಟಿಸಿದ ಪ್ರಬಂಧ ಇಂದಿಗೂ ಪ್ರಮಾಣವಾಗಿದೆ. ಅವರಿಗೆ ಕಂಡದ್ದಿಷ್ಟು: ಬೆಲೆ ಏರುವುದು ವಿಭಜನೆಗೆ ಮುಂಚೆ, ಆದ ಮೇಲೆ ಸರಾಸರಿಯಲ್ಲಿ ವಿಶೇಷ ಲಾಭವೇನೂ ಇಲ್ಲ. ಒಡೆದ ಬಳಿಕ ಲಾಭಾಂಶವನ್ನು ಏರಿಸಿದ ಕಂಪೆನಿಗಳ ಷೇರು ಏರಿದ ಬೆಲೆಯನ್ನು ಉಳಿಸಿಕೊಂಡಿತು, ಏರಿಸದವುಗಳದು ಹಿಂದೆ ಸರಿಯಿತು. ಸುದ್ದಿ ಕೇಳಿ ಓಡಿಬರುವ ಸಣ್ಣ ಹೂಡಿಕೆದಾರನು ಬಂದು ಸೇರುವ ಹೊತ್ತಿಗೆ ಊಟ ಮುಗಿದು ಎಲೆ ಎತ್ತಿರುತ್ತಾರೆ. 2020ರ ಆಗಸ್ಟಿನಲ್ಲಿ ಅಮೆರಿಕದ ಟೆಸ್ಲಾ ಕಂಪೆನಿ ಒಂದಕ್ಕೆ ಐದು ವಿಭಜನೆಯನ್ನು ಸಾರಿದಂದಿನಿಂದ ಅದು ಜಾರಿಗೆ ಬರುವವರೆಗಿನ ಮೂರು ವಾರಗಳಲ್ಲಿ ಬೆಲೆ ಅರ್ಧಕ್ಕಿಂತ ಹೆಚ್ಚು ಏರಿತು; ಸೆಪ್ಟೆಂಬರ್ 8ರ ಒಂದೇ ದಿನ ಐದರಲ್ಲೊಂದು ಪಾಲಿಗೂ ಮಿಕ್ಕಿ ಕುಸಿಯಿತು. ಆ ಕುಸಿತಕ್ಕೆ ಬೇರೆ ನಿಮಿತ್ತಗಳೂ ಇದ್ದವು. ಆದರೆ ವಿಭಜನೆಯ ಸಂಭ್ರಮದಲ್ಲಿ ಕೊಂಡವನಿಗೆ ಅದರಿಂದ ಸಮಾಧಾನವೇನು?

ಅದೇ ಅಮೆರಿಕದಲ್ಲಿ ವಾರನ್ ಬಫೆಟ್ ಎಂಬ ಹಿರಿಯ ಹೂಡಿಕೆದಾರರು ತಮ್ಮ ಬರ್ಕ್‌ಷೈರ್ ಕಂಪೆನಿಯ ಮೂಲ ಷೇರನ್ನು ಒಡೆಯುವುದಿಲ್ಲವೆಂದು ಹಟ ಹಿಡಿದರು. ವಿಭಜನೆಯ ಸುದ್ದಿಗೆ ಮರುಳಾಗಿ ಬರುವ ಪಾಲುದಾರರು ತಮಗೆ ಬೇಡವೆಂಬುದು ಅವರ ವಾದ. 1983ರ ವಾರ್ಷಿಕ ಪತ್ರದಲ್ಲಿಯೇ ಅದನ್ನು ವಿವರಿಸಿದ್ದಾರೆ. ಆದರೆ ಮಧ್ಯವರ್ತಿಗಳು ಆ ಷೇರನ್ನು ತಾವೇ ತುಣುಕು ಮಾಡಿ ಸಣ್ಣವರಿಗೆ ಹೆಚ್ಚಿನ ಖರ್ಚು ಹೇರಿ ಮಾರಲು ಹೊರಟಾಗ, 1996ರಲ್ಲಿ ಅವರೇ ಮೂವತ್ತರಲ್ಲೊಂದಂಶದ ಅಗ್ಗದ ಷೇರನ್ನು ಹೊರತಂದರು. 2010ರಲ್ಲಿ ಅದನ್ನೂ ಐವತ್ತಾಗಿ ಒಡೆದರು. ಹಟಕ್ಕೂ ವ್ಯವಹಾರ ಬೇಕಷ್ಟೆ.

ವಿಭಜನೆಯಾದ ದಿನ ಎಷ್ಟೋ ಮನೆಗಳಲ್ಲಿ ನಡೆಯುವ ಸಂಭಾಷಣೆ ಹೆಚ್ಚು ಕಡಮೆ ಹೀಗಿರುತ್ತದೆ. ಪಿಂಚಣಿ ಪಡೆಯುವ ಹಿರಿಯರು ಬೆಳಗಿನ ಕಾಫಿ ಕುಡಿಯುತ್ತ ಫೋನು ನೋಡಿ ಗಾಬರಿಯಾಗಿ ತಂಗಿಯ ಮಗನನ್ನು ಕರೆಯುತ್ತಾರೆ.

“ಏನೋ ಇದು? ನಿನ್ನೆ ಎರಡು ಸಾವಿರ ಇದ್ದದ್ದು ಇವತ್ತು ಇನ್ನೂರಕ್ಕೆ ಬಂದು ಕೂತಿದೆ! ಇದ್ದಬದ್ದದ್ದೆಲ್ಲ ಹೋಯಿತೇನೋ?”

“ಹೋಗಿಲ್ಲ ಮಾವ. ನಿಮ್ಮ ಹತ್ತು ಷೇರು ನೂರಾಗುತ್ತವೆ. ಹೊಸವು ಖಾತೆಗೆ ಬರೋದಕ್ಕೆ ಒಂದೆರಡು ದಿನ ಹಿಡಿಯುತ್ತೆ. ಅಲ್ಲಿಯವರೆಗೆ ಆ ನಷ್ಟದ ಲೆಕ್ಕ ನೋಡಲೇಬೇಡಿ.”

“ಹಾಗಾದರೆ ಇನ್ನೂರಕ್ಕೆ ಸಿಕ್ಕುವಾಗ ಇನ್ನಷ್ಟು ಕೊಂಡುಬಿಡಲೇನು? ಬ್ಯಾಂಕಿನ ಠೇವಣಿ ಮುಂದಿನ ತಿಂಗಳು ಕೈಗೆ ಬರುತ್ತೆ.”

“ಹೋದ ವಾರ ಇದೇ ಷೇರನ್ನ ದುಬಾರಿ ಅಂದಿದ್ದಿರಲ್ಲ ಮಾವ?”

“ಆಗ ಎರಡು ಸಾವಿರ ಇತ್ತಲ್ಲೋ! ಈಗ ಇನ್ನೂರು!”

ಈ ಹಿರಿಯರು ದಡ್ಡರಲ್ಲ. ನಲವತ್ತು ವರ್ಷ ಕಚೇರಿಯ ಲೆಕ್ಕಪತ್ರ ನೋಡಿದವರಾಗಿರಬಹುದು. ಕಣ್ಣು ಸಣ್ಣ ಅಂಕಿಯನ್ನು ಕಂಡು ಅಗ್ಗವೆನ್ನುತ್ತದೆ. ಕಂಪೆನಿ ವರ್ಷಕ್ಕೆ ಷೇರೊಂದಕ್ಕೆ ಐವತ್ತು ರೂಪಾಯಿ ಗಳಿಸುತ್ತಿದ್ದಾಗ ಎರಡು ಸಾವಿರ ಕೊಡುವುದೆಂದರೆ ಗಳಿಕೆಯ ನಲವತ್ತು ಪಟ್ಟು ಕೊಟ್ಟಂತೆ. ಒಡೆದ ಷೇರಿನ ಪಾಲಿಗೆ ಬರುವ ಗಳಿಕೆ ಐದೇ ರೂಪಾಯಿ. ಇನ್ನೂರು ಕೊಟ್ಟರೂ ಅದೇ ನಲವತ್ತು ಪಟ್ಟು. ದುಬಾರಿಯಾಗಿದ್ದದ್ದು ದುಬಾರಿಯಾಗಿಯೇ ಇದೆ. ಇಳಿವಯಸ್ಸಿನ ಆಧಾರವಾದ ಠೇವಣಿಯ ಹಣ ಈ ಕಣ್ಕಟ್ಟಿನಲ್ಲಿ ಸಿಕ್ಕಿಕೊಂಡರೆ ಅದನ್ನು ಮತ್ತೆ ಸಂಪಾದಿಸುವ ವಯಸ್ಸು ಅವರದಲ್ಲ.

ಇನ್ನೂ ಎಚ್ಚರ ಬೇಕಾದದ್ದು ಸಣ್ಣಪುಟ್ಟ ಕಂಪೆನಿಗಳ ವಿಷಯದಲ್ಲಿ. ಇಪ್ಪತ್ತು ಸಾವಿರದ ಷೇರನ್ನು ಒಡೆಯುವುದಕ್ಕೆ ಅರ್ಥವಿದೆ. ಆಗಲೇ ಮೂವತ್ತು ರೂಪಾಯಿಗೆ ಸಿಕ್ಕುವ ಷೇರನ್ನು ಮೂರು ರೂಪಾಯಿಗೆ ಇಳಿಸುವ ಅಗತ್ಯ ಯಾರಿಗಿದೆ? ಕೊಳ್ಳಲಾರದ ಬಡವರಿಗಲ್ಲ, ಮಾರಬೇಕಾದ ಒಡೆಯರಿಗೆ ಎಂಬ ಸಂಶಯ ಇಟ್ಟುಕೊಂಡಿರುವುದು ಲೇಸು.

ಲಾಭಾಂಶದ ಸುದ್ದಿಯೂ ಇಂಥದೇ. ಶೇಕಡಾ ಐನೂರು ಲಾಭಾಂಶವೆಂದು ಅಚ್ಚಾದರೆ ಓದುವವರು ಬೆರಗಾಗುತ್ತಾರೆ. ಆ ಶೇಕಡಾ ಮುಖಬೆಲೆಯ ಮೇಲಿನದು. ಒಂದು ರೂಪಾಯಿಯ ಷೇರಿಗೆ ಅದು ಐದು ರೂಪಾಯಿ. ಷೇರನ್ನು ಐನೂರು ಕೊಟ್ಟು ಕೊಂಡವನಿಗೆ ನೂರಕ್ಕೆ ಒಂದು. ವರಮಾನ ತೆರಿಗೆಯಲ್ಲಿ ಮಾತ್ರ ವಿಭಜನೆ ಸರಳ: ಇಪ್ಪತ್ತು ಸಾವಿರಕ್ಕೆ ಕೊಂಡ ಹತ್ತು ಷೇರು ನೂರಾದರೆ ಒಂದೊಂದರ ಕೊಂಡ ಬೆಲೆ ಇನ್ನೂರು, ಕೊಂಡ ದಿನ ಹಿಂದಿನದೇ. ಬೋನಸ್ಸಿನ ಷೇರಿಗೆ ಸಾಮಾನ್ಯವಾಗಿ ಕೊಂಡ ಬೆಲೆ ಸೊನ್ನೆಯೆಂದೂ ದಿನ ಹಂಚಿಕೆಯಾದಂದಿನಿಂದಲೆಂದೂ ಲೆಕ್ಕ. ಎರಡನ್ನೂ ಬೆರೆಸಿ ಬರೆದಿಟ್ಟವರು ಮಾರುವ ವರ್ಷ ಪರದಾಡುತ್ತಾರೆ.

ಹಳೆಯ ಟ್ರಂಕುಗಳಲ್ಲಿ ಹತ್ತು ರೂಪಾಯಿ ಮುಖಬೆಲೆಯ ಕಾಗದದ ಷೇರುಪತ್ರಗಳು ಇನ್ನೂ ಇರುವ ಮನೆಗಳುಂಟು. ತಂದೆ ಕೊಂಡಿಟ್ಟದ್ದು, ತಾಯಿ ಪಂಚೆಯ ಮಡಿಕೆಯಲ್ಲಿ ಸುತ್ತಿಟ್ಟದ್ದು. ನಡುವೆ ಆ ಕಂಪೆನಿ ಷೇರನ್ನು ಒಡೆದಿದ್ದರೆ ಪತ್ರದ ಮೇಲಿನ ಸಂಖ್ಯೆ ಈಗಿನ ನಿಜವಾದ ಸಂಖ್ಯೆಯಲ್ಲ. ಹತ್ತೆಂದು ಬರೆದಲ್ಲಿ ಐವತ್ತೋ ನೂರೋ ಇರಬಹುದು. 2019ರ ಏಪ್ರಿಲ್ ಒಂದರಿಂದೀಚೆಗೆ ಕಾಗದದ ರೂಪದಲ್ಲಿ ಷೇರನ್ನು ಮಾರಿ ವರ್ಗಾಯಿಸುವ ಪದ್ಧತಿ ನಿಂತಿದೆ. ವಿಳಾಸ ಬದಲಾಗಿ ಲಾಭಾಂಶವನ್ನು ಸತತವಾಗಿ ಏಳು ವರ್ಷ ಯಾರೂ ಪಡೆಯದಿದ್ದರೆ ಷೇರುಗಳೇ ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ಹೋಗುತ್ತವೆ. ಹೋದವನ್ನು ಹಿಂದಕ್ಕೆ ಪಡೆಯಲು ಅವಕಾಶವಿದೆ. ಮೊದಲು ಕಂಪೆನಿಯ ಷೇರು ದಫ್ತರಿನವರಿಗೆ ಪತ್ರದ ಮೇಲಿರುವ ಫೋಲಿಯೊ ಸಂಖ್ಯೆಯನ್ನು ತಿಳಿಸಿ ಈಗ ಆ ಹೆಸರಿನಲ್ಲಿ ಎಷ್ಟು ಷೇರುಗಳಿವೆಯೆಂದು ಕೇಳಬೇಕು. ನಿಧಿಗೆ ಹೋಗಿದ್ದರೆ ಐ.ಇ.ಪಿ.ಎಫ್.-5 ಎಂಬ ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕು. ಪಾಲುದಾರರು ತೀರಿಕೊಂಡಿದ್ದರೆ ವಾರಸುದಾರರು ಮರಣಪತ್ರವನ್ನೂ ತಮ್ಮ ಹಕ್ಕಿನ ದಾಖಲೆಗಳನ್ನೂ ಜೊತೆಗೆ ಒದಗಿಸಬೇಕಾಗುತ್ತದೆ.