ಪಾಲಕ್ ಅಂದ್ರೆ ಸ್ಪಿನಾಚ್ ಅಲ್ರೀ!

ಏಪ್ರಿಲ್‌ನಲ್ಲಿ ಮೂಡಲಗಿಗೆ ಹೋದಾಗ ಬೆಂಗಳೂರಿಂದ ಸ್ಪಿನಾಚ್ ಬೀಜದ ಪ್ಯಾಕೆಟ್ ಒಯ್ದು ಹಿತ್ತಲಲ್ಲಿ ಬಿತ್ತಿದೆ. ಒಂದೂ ಮೊಳೀಲಿಲ್ಲ :( ಪಕ್ಕದಲ್ಲೇ ಅವ್ವ ರಾತ್ರಿಯೆಲ್ಲಾ ನೆನೆಸಿ ಹಾಕಿದ್ದ ಪಾಲಕ್ ಬೀಜ ಮಾತ್ರ ವಾರದೊಳಗೆ ತಲೆ ಎತ್ತಿತ್ತು. "ಇಂಜಿನಿಯರ್ ಆಗಿ ಏನ್ ಬಂತೋ ತಮ್ಮಾ?" ಅಂತ ನಕ್ಕಳು.

ಆಮೇಲೆ ಹುಡುಕಿದೆ. ಸ್ಪಿನಾಚ್ ಚಳಿಯ ಬೆಳೆ. ಮಣ್ಣಿನ ಬಿಸಿ 30 ಡಿಗ್ರಿ ದಾಟಿದರೆ ಮೊಳೆಯೋದೇ ಕಷ್ಟ. ನಮ್ಮ ಪಾಲಕ್ ಬೀಟ್‌ರೂಟಿನ ಬಳಗದ್ದು, ಸೆಕೆ ತಾಳುತ್ತೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರೇ 'ಅರ್ಕಾ ಅನುಪಮ' ಅನ್ನೋ ಪಾಲಕ್ ತಳಿ ಕೊಟ್ಟಿದ್ದಾರೆ. ಎರಡನ್ನೂ ಒಂದೇ ಅಂದುಕೊಂಡು ಇಂಗ್ಲಿಷ್ ಲೇಖನ ಹಾಗೇ ಕನ್ನಡಕ್ಕಿಳಿಸಿದರೆ ಓದಿದವನ ಮಡಿ ಬರೀ ಮಣ್ಣೇ! ಗಿಡದ ಬಗ್ಗೆ ಬರೆಯೋ ಮುಂಚೆ ಮನೆಯ ಅವ್ವಂದಿರನ್ನ ಒಂದು ಮಾತು ಕೇಳೋಣ. ನೀವೇನಂತೀರಾ?