ಚೀಲ ಹೊರುವ ಚೌಕಟ್ಟು
ದೂರದ ಪ್ರವಾಸಕ್ಕೆ ಹೊರಟ ಬೈಕಿನ ಎರಡೂ ಬದಿಗೆ ಇಳಿಬಿಟ್ಟ ಚೀಲಗಳು ಹಿಂಚಕ್ರಕ್ಕೆ ಸಿಕ್ಕದಂತೆ, ಕಾದ ಸೈಲೆನ್ಸರ್‌ಗೆ ತಾಗದಂತೆ ತಡೆಯುವ ಕಬ್ಬಿಣದ ಚೌಕಟ್ಟಿಗೆ ಸ್ಯಾಡಲ್ ಸ್ಟೇ ಎನ್ನುತ್ತಾರೆ. ಅಳತೆ ಸರಿಯಿದ್ದರೆ ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಇದನ್ನು ಮಾಡಿಸಬಹುದು. ಮೊದಲು ದಪ್ಪ ತಂತಿಯನ್ನು ಬೈಕಿನ ಮೇಲೇ ಬಗ್ಗಿಸಿ ಮಾದರಿ ಮಾಡಿಕೊಳ್ಳಬೇಕು. ಕಣ್ಣಳತೆಯನ್ನು ನಂಬಿ ಕೆಟ್ಟ ಕೆಲಸಗಳೇ ಹೆಚ್ಚು. ಬಟ್ಟೆಯ ಚೀಲಕ್ಕೆ 10 ಮಿ.ಮೀ. ಸರಳು ಸಾಕು, ತಗಡಿನ ಪೆಟ್ಟಿಗೆಗಾದರೆ ಕೊಳವೆಯೇ ಬೇಕು. ಸತು ಲೇಪಿಸಿದ ಜಿ.ಐ. ಕೊಳವೆ ಬೇಡ, ಬೆಸೆಯುವಾಗ ಏಳುವ ಸತುವಿನ ಹೊಗೆ ಜ್ವರ ತರಿಸುತ್ತದೆ. ಪ್ರತಿ ಬದಿಗೂ ಕನಿಷ್ಠ ಮೂರು ಕಡೆ ಆಧಾರವಿರಲಿ: ಶಾಕ್ ಅಬ್ಸಾರ್ಬರ್‌ನ ಮೇಲಿನ ಬೋಲ್ಟು, ಹಿಂಬದಿ ಸವಾರರ ಫುಟ್‌ರೆಸ್ಟ್, ಮಡ್‌ಗಾರ್ಡ್ ಬಿಗಿದ ಜಾಗ. ಅಲ್ಲಿ ಸೇರಿಸುವ ಚೌಕಟ್ಟಿನ ಪಟ್ಟಿಯ ದಪ್ಪಕ್ಕೆ ತಕ್ಕಷ್ಟು ಉದ್ದದ ಬೋಲ್ಟನ್ನು ಹಾಕುವಾಗ ಅದರ ತಲೆಯ ಮೇಲಿನ, ಬಲ ಸೂಚಿಸುವ 8.8ರಂಥ ಗುರುತು ಹಳೆಯದಕ್ಕಿಂತ ಕಡಿಮೆಯಿರಬಾರದು. ಎಡಬಲದ ಚೌಕಟ್ಟುಗಳನ್ನು ನಂಬರ್ ಪ್ಲೇಟಿನ ಹಿಂದೆ ಅಡ್ಡಪಟ್ಟಿಯಿಂದ ಜೋಡಿಸದಿದ್ದರೆ ಭಾರ ಬಿದ್ದಾಗ ಅವೆರಡೂ ಹಿಂಚಕ್ರದತ್ತ ವಾಲುತ್ತವೆ. ಅಗ್ಗದ ಸ್ಟೇಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಚೌಕಟ್ಟನ್ನು ಬೈಕಿನಿಂದ ಬಿಚ್ಚಿಯೇ ಪೂರ್ತಿ ಬೆಸೆಯಬೇಕು, ಇಲ್ಲವಾದರೆ ವೆಲ್ಡಿಂಗ್‌ನ ವಿದ್ಯುತ್ತು ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕವಾದ ಇಸಿಯುವನ್ನು ಸುಟ್ಟೀತು. ರೆಡ್ ಆಕ್ಸೈಡ್ ಬಳಿದು, ಮೇಲೆ ಬಣ್ಣ ಹೊಡೆದು, ನೈಲಾನ್ ಉಂಗುರವಿರುವ ನಟ್ಟಿನಿಂದ ಬಿಗಿದರೆ ಕೆಲಸ ಮುಗಿಯಿತು. ಇಂಡಿಕೇಟರ್ ಮರೆಯಾಗಿಲ್ಲವೆಂದು ಖಚಿತಪಡಿಸಿಕೊಳ್ಳಿ, ಮೊದಲ ನೂರು ಕಿಲೋಮೀಟರಿನ ಬಳಿಕ ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿಯಿರಿ.